ಕಡತ ತೆರೆಯುತ್ತದೆ, ಲೆಕ್ಕ ನಿಲ್ಲುತ್ತದೆ

ಪ್ರಶ್ನೆ: ಕೊಡಗಿನ 60 ಕಾಫಿ ತೋಟಗಳಲ್ಲಿ ಹತ್ತು ನಿಮಿಷಕ್ಕೊಮ್ಮೆ ದಾಖಲಾದ ಮಳೆ, ಉಷ್ಣಾಂಶ ಮತ್ತು ಮಣ್ಣಿನ ತೇವದ ನಾಲ್ಕು ವರ್ಷಗಳ ಅಂಕಿಅಂಶ ನನ್ನಲ್ಲಿದೆ. 8 ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ ಸಂಖ್ಯಾಶಾಸ್ತ್ರದ ‘ಆರ್’ ತಂತ್ರಾಂಶ ಕಡತವನ್ನು ತೆರೆಯುತ್ತದೆ. ಆದರೆ ತೇವದ ಮೇಲೆ ಮಳೆ ಮತ್ತು ಉಷ್ಣಾಂಶದ ಪ್ರಭಾವವನ್ನು, ತೋಟವನ್ನೂ ಒಂದು ಚರವಾಗಿ ಸೇರಿಸಿ, ಹಿಂಚಲನೆಯ (ರಿಗ್ರೆಷನ್) ‘ಎಲ್‌ಎಂ’ ಆಜ್ಞೆಯಿಂದ ಅಂದಾಜಿಸಹೊರಟರೆ 5.8 ಜಿಬಿ ವೆಕ್ಟರ್‌ಗೆ (ಸಂಖ್ಯೆಗಳ ಸರಣಿಗೆ) ಜಾಗವಿಲ್ಲ ಎಂಬ ಸೂಚನೆ ಬರುತ್ತದೆ. ಮೆಮೊರಿಯ ಮಿತಿ ಏರಿಸುವ ಆಜ್ಞೆಯೂ ಫಲಿಸಲಿಲ್ಲ. 16 ಜಿಬಿಯ ಯಂತ್ರ ಕೊಳ್ಳಬೇಕೆ?
– ಸಂಶೋಧನಾ ವಿದ್ಯಾರ್ಥಿ, ಪೊನ್ನಂಪೇಟೆ

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ಮಿತಿ ಏರಿಸುವ ಆ ಆಜ್ಞೆ ವಿಂಡೋಸ್‌ಗೆ ಮಾತ್ರ ಇದ್ದದ್ದು. 2022ರಲ್ಲಿ ಬಂದ 4.2.0 ಆವೃತ್ತಿಯಿಂದ ಅದು ಕೆಲಸವನ್ನೇ ಮಾಡುವುದಿಲ್ಲ.

ನಿಮ್ಮ ತೊಂದರೆಯ ಮೂಲ ಆ 5.8 ಎಂಬ ಸಂಖ್ಯೆಯಲ್ಲೇ ಇದೆ. ದಿನಕ್ಕೆ 144 ದಾಖಲೆ, 1,461 ದಿನ, 60 ತೋಟ ಎಂದರೆ 1,26,23,040 ಸಾಲುಗಳಾದವು. ತೋಟದ ಹೆಸರು ನಿಮ್ಮ ಕಣ್ಣಿಗೆ ಒಂದೇ ಕಂಬಸಾಲಾಗಿ ಕಂಡರೂ, ಎಲ್‌ಎಂ ಅದನ್ನು ಹೋಲಿಕೆಗೆ ಆಧಾರವಾದ ಒಂದು ತೋಟ ಬಿಟ್ಟು, ಸೊನ್ನೆ ಮತ್ತು ಒಂದುಗಳ 59 ಕಂಬಸಾಲುಗಳಾಗಿ ಬಿಡಿಸುತ್ತದೆ. ಸ್ಥಿರಾಂಕ, ಮಳೆ, ಉಷ್ಣಾಂಶ ಸೇರಿದರೆ 62. ಪ್ರತಿ ಸಂಖ್ಯೆಗೆ 8 ಬೈಟಿನಂತೆ ಗುಣಿಸಿದರೆ ಸುಮಾರು 626 ಕೋಟಿ ಬೈಟ್, ಅಂದರೆ ಆರ್ 1,024ರ ಗುಣಕಗಳಲ್ಲಿ ಎಣಿಸುವ ರೀತಿಯಲ್ಲಿ ಸರಿಯಾಗಿ 5.8 ಜಿಬಿ. ಅದರ ಬಹುಪಾಲು ಬರಿಯ ಸೊನ್ನೆ! ಈ ಕೋಷ್ಟಕ ಹೇಗೋ ಹಿಡಿಸಿತೆಂದರೂ, ಲೆಕ್ಕದ ನಡುವೆ ಅಷ್ಟೇ ಗಾತ್ರದ ಇನ್ನೊಂದು ಪ್ರತಿ ಹುಟ್ಟುವುದರಿಂದ 16 ಜಿಬಿಯೂ ಸಾಲದೆ ಹೋಗಬಹುದು.

ಆದ್ದರಿಂದ ತೋಟವನ್ನು ಕಂಬಸಾಲುಗಳಾಗಿ ಬಿಡಿಸದೆಯೇ ಲೆಕ್ಕ ಹಾಕಬೇಕು. ತೇವ, ಮಳೆ, ಉಷ್ಣಾಂಶ ಮೂರರಲ್ಲೂ ಆಯಾ ತೋಟದ ಸರಾಸರಿಯನ್ನು ಕಳೆದು, ಉಳಿದದ್ದರ ಮೇಲೆ ಹಿಂಚಲನೆ ನಡೆಸಿದರೆ ಮಳೆ ಮತ್ತು ಉಷ್ಣಾಂಶದ ಗುಣಾಂಕಗಳು ಅವೇ ಬರುತ್ತವೆ. ‘ಫಿಕ್ಸೆಸ್ಟ್’ ಪ್ಯಾಕೇಜಿನ ‘ಫಿಯೋಲ್ಸ್’ ಆಜ್ಞೆಯಲ್ಲಿ ತೋಟದ ಚರವನ್ನು ಲಂಬಗೆರೆಯ (|) ಆಚೆ ಬರೆದರೆ ಈ ಕೆಲಸವನ್ನು ಅದೇ ಮಾಡಿಕೊಡುತ್ತದೆ. ಕಡತ ಓದುವಾಗ ‘ಡೇಟಾ.ಟೇಬಲ್’ ಪ್ಯಾಕೇಜಿನ ‘ಎಫ್‌ರೀಡ್’ ಬಳಸಿ, ಬೇಕಾದ ಕಂಬಸಾಲುಗಳನ್ನಷ್ಟೇ ಆರಿಸಿಕೊಳ್ಳಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಬೇಕಾದದ್ದು. ಮಣ್ಣಿನ ತೇವ ಹತ್ತು ನಿಮಿಷದಲ್ಲಿ ಬದಲಾಗುವುದು ತೀರ ಅಲ್ಪವಾದ್ದರಿಂದ, ಒಂದು ದಾಖಲೆ ಬಹುಮಟ್ಟಿಗೆ ಹಿಂದಿನದರ ನಕಲೇ ಆಗಿರುತ್ತದೆ. ಎಲ್ಲವನ್ನೂ ಸ್ವತಂತ್ರವೆಂದು ಎಣಿಸಿದರೆ ಪ್ರಮಾಣಿತ ದೋಷ, ಅಂದರೆ ಅಂದಾಜಿನ ಅನಿಶ್ಚಿತತೆಯ ಅಳತೆ, ಇರಬೇಕಾದ್ದಕ್ಕಿಂತ ಕಿರಿದಾಗಿ ತೋರುತ್ತದೆ. ಕಾಫಿ ಹೂವರಳಿಸುವ ಹೂಮಳೆಯ ನಂತರ ತೇವ ಎಷ್ಟು ದಿನ ನಿಲ್ಲುತ್ತದೆಂಬುದು ನಿಮ್ಮ ಪ್ರಶ್ನೆಯಾದರೆ, ಮಳೆಯ ಮೊತ್ತ ಮತ್ತು ಉಳಿದೆರಡರ ಸರಾಸರಿಯನ್ನು ದಿನಕ್ಕೊಂದರಂತೆ ತೆಗೆದರೆ ಸಾಕು. ಆಗ ಸಾಲುಗಳು 87,660ಕ್ಕೆ ಇಳಿದು, ಮೊದಲು ಸಿಲುಕಿದ ಎಲ್‌ಎಂ ಕೂಡ ಹಳೆಯ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ನಡೆಯುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಸುರಿದಂಥ ಬಿರುಸು ಮಳೆಯೂ ನಿಮ್ಮ ವಿಷಯವಾಗಿದ್ದರೆ, ದಿನದ ಅತಿ ಹೆಚ್ಚು ಹತ್ತು ನಿಮಿಷದ ಮಳೆಯನ್ನು ಇನ್ನೊಂದು ಕಂಬಸಾಲಾಗಿ ಉಳಿಸಿಕೊಳ್ಳಿ. ದಿನವನ್ನು ಮಾತ್ರ ನಡುರಾತ್ರಿಗೆ ಕತ್ತರಿಸಬೇಡಿ: ಹವಾಮಾನ ಇಲಾಖೆಯ ಮಳೆದಿನ ಮುಗಿಯುವುದು ಬೆಳಗಿನ 8.30ಕ್ಕೆ, ಇಲಾಖೆಯ ಅಂಕಿಗಳೊಡನೆ ಹೋಲಿಸುವುದಾದರೆ ಗಡಿ ಅಲ್ಲೇ ಇರಬೇಕು.