ಯಾರ್ಡಿನ ಸ್ವಂತ ಡೀಸೆಲ್ ಪಂಪನ್ನು ಮೊಬೈಲಿನಿಂದ ಆನ್-ಆಫ್ ಮಾಡಬಹುದಾ?

ಯಾರ್ಡಿನಲ್ಲಿ ನಿಮ್ಮದೇ ಡೀಸೆಲ್ ಟ್ಯಾಂಕ್ ಇದೆ, ಎರಡು ಪಂಪ್ ಇವೆ. ಯಾವ ಗಾಡಿಗೆ ಎಷ್ಟು ಹೋಯಿತು ಅಂತ ಮೊಬೈಲಿನಲ್ಲೇ ನೋಡಬೇಕು, ಕೂತಲ್ಲಿಂದಲೇ ಪಂಪ್ ಆನ್-ಆಫ್ ಮಾಡಬೇಕು ಅಂತ ಕೇಳಿದ್ದೀರಿ. ಇಂಥ ಪಂಪುಗಳಿಗೆ ಕಂಟ್ರೋಲರ್, ಅಂದರೆ ಪಂಪನ್ನು ನಡೆಸಿ ಲೆಕ್ಕ ಇಡುವ ಪುಟ್ಟ ಕಂಪ್ಯೂಟರ್ ಡಬ್ಬಿ, ಕೂರಿಸುವುದು ನನ್ನ ಕೆಲಸ. ನೋಡುವುದು ಸುಲಭ, ಆಫ್ ಮಾಡುವುದೂ ಸುಲಭ. ಆನ್ ಬಟನ್ ಮಾತ್ರ ಮೊಬೈಲಿಗೆ ಕೊಡಬೇಡಿ.

ಮೋಟರ್ ಶುರುವಾಗುವ ಹೊತ್ತಿಗೆ ನಾಝಲ್ ಗಾಡಿಯ ಟ್ಯಾಂಕಿನ ಬಾಯಲ್ಲಿದೆಯೋ ನೆಲದ ಮೇಲೆ ಬಿದ್ದಿದೆಯೋ ದೂರದಲ್ಲಿರುವ ನಿಮಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ದೂರದಿಂದ ಕೊಡಬೇಕಾದದ್ದು ಬರೀ ಅನುಮತಿ. ಈ ಗಾಡಿಗೆ, ಇಷ್ಟು ಲೀಟರ್‌ವರೆಗೆ, ಇಷ್ಟು ನಿಮಿಷದೊಳಗೆ, ಅಷ್ಟೇ. ಪಂಪಿನ ಹತ್ತಿರ ಇರುವವರು ಟ್ಯಾಗ್ (ಗಾಡಿಯ ಗುರುತಿನ ಎಲೆಕ್ಟ್ರಾನಿಕ್ ಬಿಲ್ಲೆ) ತೋರಿಸಿ ನಾಝಲ್ ಎತ್ತಿದ ಮೇಲೆಯೇ ಮೋಟರ್ ತಿರುಗಬೇಕು. ಎತ್ತಲಿಲ್ಲವಾ, ಅನುಮತಿ ತಾನಾಗಿಯೇ ರದ್ದಾಗಬೇಕು.

ಆಫ್ ಮಾಡುವ ಕಡೆಯೂ ಒಂದು ವಿಷಯ ಇದೆ. ಮೋಟರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚಿಗೆ ಕಾಂಟ್ಯಾಕ್ಟರ್ ಅಂತಾರೆ. ಅದರ ಒಳಗಿನ ಪಾಯಿಂಟುಗಳು ಸುಟ್ಟು ಅಂಟಿಕೊಳ್ಳುವುದುಂಟು, ಆಗ ಮೊಬೈಲಿನಲ್ಲಿ ‘ಆಫ್’ ಅಂತ ತೋರಿಸಿದರೂ ಮೋಟರ್ ಓಡುತ್ತಲೇ ಇರುತ್ತದೆ. ಹಾಗಾಗಿ ಪೈಪಿನಲ್ಲಿ ಒಂದು ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆಯುವ ವಾಲ್ವ್) ಇರಲಿ, ಕರೆಂಟ್ ಹೋದರೆ ಮುಚ್ಚಿಕೊಳ್ಳುವ ಜಾತಿಯದ್ದು. ಎಮರ್ಜೆನ್ಸಿ ಸ್ಟಾಪ್ ಬಟನ್ನಿನ ವೈರು ನೇರವಾಗಿ ಪವರ್ ಸರ್ಕ್ಯೂಟಿಗೇ ಹೋಗಬೇಕು. ಸಾಫ್ಟ್‌ವೇರ್ ಮೂಲಕ ಅಂತೂ ಬೇಡವೇ ಬೇಡ.

ಇನ್ನು ಲೆಕ್ಕ. ಮೀಟರಿನ ಒಳಗೆ ಪಲ್ಸರ್ ಅಂತ ಒಂದು ಭಾಗ ಇರುತ್ತದೆ, ಮೀಟರ್ ತಿರುಗಿದಷ್ಟೂ ಪಲ್ಸ್, ಅಂದರೆ ಎಣಿಸಬಹುದಾದ ಸಣ್ಣ ವಿದ್ಯುತ್ ಸಂಕೇತ, ಕಳಿಸುತ್ತದೆ. ಲೀಟರಿಗೆ 100 ಪಲ್ಸ್ ಕೊಡುವಂಥದ್ದಾದರೆ ಒಂದೊಂದು ಪಲ್ಸ್ ಅಂದರೆ 10 ಮಿಲಿ. ಈ ಎಣಿಕೆ ಪಂಪಿನ ಪಕ್ಕದ ಕಂಟ್ರೋಲರಿನಲ್ಲೇ ಆಗಬೇಕು, ಸರ್ವರಿನಲ್ಲಿ ಅಲ್ಲ. ನೆಟ್‌ವರ್ಕ್ ಹೋಗಿಯೇ ಹೋಗುತ್ತದೆ, ಅದೂ ಗಾಡಿಗಳು ಸಾಲುಗಟ್ಟಿ ನಿಂತಾಗಲೇ! ಆಗ ಒಳಗೆ ಉಳಿಸಿಕೊಂಡ ಟ್ಯಾಗ್ ಪಟ್ಟಿ ನೋಡಿ ಕಂಟ್ರೋಲರೇ ಡೀಸೆಲ್ ಕೊಡಬೇಕು, ಪ್ರತಿ ಫಿಲ್ಲಿಂಗಿಗೂ ಕ್ರಮಸಂಖ್ಯೆ ಹಾಕಿಟ್ಟುಕೊಂಡು ನೆಟ್ ಬಂದಾಗ ಕಳಿಸಬೇಕು. ಮಧ್ಯೆ ಒಂದು ಸಂಖ್ಯೆ ತಪ್ಪಿದರೆ ದಾಖಲೆ ಕಾಣೆಯಾಗಿದೆ ಅಂತ ತಕ್ಷಣ ತಿಳಿಯುತ್ತದೆ.

ನನ್ನನ್ನು ಕೇಳಿದರೆ, ಇಡೀ ವ್ಯವಸ್ಥೆಯಲ್ಲಿ ಅತಿ ಉಪಯೋಗದ ಅಲಾರಂ ಇದು: ಅನುಮತಿ ಇಲ್ಲದಿದ್ದರೂ ಪಲ್ಸ್ ಬರುತ್ತಿದೆ. ಅಂದರೆ ಯಾರೋ ಬೈಪಾಸ್ ಕೀ (ಕಂಟ್ರೋಲರನ್ನು ಬಿಟ್ಟು ಪಂಪನ್ನು ನೇರ ಓಡಿಸುವ ಕೀ) ತಿರುಗಿಸಿದ್ದಾರೆ, ಅಥವಾ ಕಾಂಟ್ಯಾಕ್ಟರ್ ಅಂಟಿಕೊಂಡಿದೆ. ಎರಡೂ ನಿಮಗೆ ಆ ಕ್ಷಣವೇ ಗೊತ್ತಾಗಬೇಕಾದ ಸುದ್ದಿ. ಚಂದದ ಗ್ರಾಫ್ ತೋರಿಸಿ ಮಾರುವವರು ಇದರ ಬಗ್ಗೆ ಬಾಯಿ ಬಿಡುವುದು ಕಡಿಮೆ, ನೀವೇ ಕೇಳಿ.

ಯಾರ್ಡಿನ ಟ್ಯಾಂಕಿನೊಳಗೂ ಒಂದು ಪ್ರೋಬ್ (ಡೀಸೆಲ್ ಮಟ್ಟ ಅಳೆಯುವ ಕಡ್ಡಿ) ಹಾಕಿಸಿ, ತಳದಲ್ಲಿ ನಿಂತ ನೀರನ್ನೂ ಉಷ್ಣತೆಯನ್ನೂ ಅಳೆಯುವಂಥದ್ದು. ಬೆಳಗಿನ ಸ್ಟಾಕ್, ಅದಕ್ಕೆ ಬಂದ ಲೋಡ್ ಕೂಡಿಸಿ, ಪಂಪಿನಿಂದ ಹೋದದ್ದನ್ನು ಕಳೆದರೆ ಸಂಜೆಯ ಸ್ಟಾಕಿಗೆ ಹೊಂದಬೇಕು ಅಲ್ವಾ? ಹೊಂದದಿದ್ದರೆ ಸುಮ್ನೆ ಡ್ರೈವರುಗಳ ಮೇಲೆ ಹಾರಾಡಬೇಡಿ. 10,000 ಲೀಟರ್ ಡೀಸೆಲ್ 10 ಡಿಗ್ರಿ ತಣ್ಣಗಾದರೆ ಸುಮಾರು 80 ಲೀಟರ್ ಕಡಿಮೆಯಾದಂತೆ ಕಾಣುತ್ತದೆ, ಒಂದು ಹನಿಯನ್ನೂ ಯಾರೂ ಮುಟ್ಟಿರುವುದಿಲ್ಲ. ಮೀಟರ್ ಸವೆದರೂ ವ್ಯತ್ಯಾಸ ಬರುತ್ತದೆ, ಆಗಾಗ ಅಳತೆ ಕ್ಯಾನಿಗೆ ಹಿಡಿದು ನೋಡಬೇಕು. ಆದರೆ ದಿನವೂ ಒಂದೇ ದಿಕ್ಕಿಗೆ ಕೊರತೆ ಬಂದರೆ, ಆಗ ಸೋರಿಕೆಯೋ ಕಳ್ಳತನವೋ ಹುಡುಕಿ.

ಸೆಕ್ಯುರಿಟಿ ಬಗ್ಗೆ ‘ನಮ್ಮ ಪಂಪಿಗೆ ಯಾರು ಕೈ ಹಾಕ್ತಾರೆ’ ಅನ್ನುವವರು ಜಾಸ್ತಿ. 2015ರ ಜನವರಿಯಲ್ಲಿ ರ‍್ಯಾಪಿಡ್7 ಎಂಬ ಸೈಬರ್ ಸೆಕ್ಯುರಿಟಿ ಕಂಪನಿಯವರು ಇಂಟರ್ನೆಟ್ ಸ್ಕ್ಯಾನ್ ಮಾಡಿದಾಗ ಇಂಧನ ಟ್ಯಾಂಕಿನ ಮಟ್ಟ ಅಳೆಯುವ ಸುಮಾರು 5,800 ಟ್ಯಾಂಕ್ ಗೇಜುಗಳು ಪಾಸ್‌ವರ್ಡೇ ಇಲ್ಲದೆ ತೆರೆದು ಬಿದ್ದಿದ್ದವು, ಹೆಚ್ಚಿನವು ಅಮೆರಿಕದವು. ನಿಮ್ಮ ರೌಟರಿನಲ್ಲಿ ಪೋರ್ಟ್, ಅಂದರೆ ಹೊರಗಿನವರು ಒಳಬರುವ ಬಾಗಿಲು, ತೆರೆಯಬೇಡಿ. ಕಂಟ್ರೋಲರೇ ಹೊರಗೆ ಸರ್ವರಿಗೆ ಕನೆಕ್ಟ್ ಆಗಬೇಕು, ಹೊರಗಿನವರು ಯಾರೂ ಅದಕ್ಕೆ ಕನೆಕ್ಟ್ ಆಗುವಂತಿರಬಾರದು. ಡಬ್ಬಿಯ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ.

ಮುಂದೆ ಪೆಟ್ರೋಲ್ ಪಂಪನ್ನೂ ಇದಕ್ಕೇ ಸೇರಿಸುವ ಯೋಚನೆ ಇದ್ದರೆ ಈಗಲೇ ಹೇಳಿ. ಪೆಟ್ರೋಲ್ ಆವಿ ಚಳಿಯಲ್ಲೂ ಕಿಡಿಗೆ ಹೊತ್ತಿಕೊಳ್ಳುತ್ತದೆ, ಅಲ್ಲಿ ಸಾಮಾನ್ಯ ರಿಲೇ ಡಬ್ಬಿ (ಒಳಗೆ ಕಿಡಿ ಹಾರುವ ಸ್ವಿಚ್ಚಿನ ಡಬ್ಬಿ) ಕೂರಿಸುವ ಹಾಗೇ ಇಲ್ಲ. ಡೀಸೆಲ್ ಮಾತ್ರ ಅಂದರೆ ಮೊದಲು ಮೀಟರ್ ಮುಚ್ಚಳ ಬಿಚ್ಚಿ ಪಲ್ಸರ್ ಇದೆಯಾ ನೋಡಿ, ಬರೀ ಅಂಕಿ ತಿರುಗುವ ಹಳೇ ಮೀಟರ್ ಆದರೆ ಅದನ್ನು ಬದಲಿಸುವುದರಿಂದಲೇ ಕೆಲಸ ಶುರು. ಒಂದು ಫೋಟೋ ಹಾಕಿದರೆ ಯಾವ ಜಾತಿಯದ್ದು ಅಂತ ಹೇಳುತ್ತೇನೆ.