ಬೆಳಕು ಬರುವುದು ಪಡಸಾಲೆಗೆ

ಅವರು ಬಾಗಲಕೋಟೆ ಜಿಲ್ಲೆಯ ನೇಕಾರರ ಮನೆಯೊಂದರ ಸೊಸೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ನವನಗರದ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಬಂದಾಗ ಹೇಳಿಕೊಂಡದ್ದು ನಿದ್ದೆಯ ತೊಂದರೆ. ರಾತ್ರಿ ಎರಡಾದರೂ ಕಣ್ಣು ಮುಚ್ಚುವುದಿಲ್ಲ, ಮೊಬೈಲ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ.

ಮೊಬೈಲ್‌ಗೆ ಏಕೆ ಅಷ್ಟು ಹೆದರಿಕೆ ಎಂದು ಕೇಳಿದೆ. ಗುಳೇದಗುಡ್ಡದ ಖಣ (ರವಿಕೆ ಬಟ್ಟೆ), ಇಳಕಲ್ ಸೀರೆಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾರುತ್ತಾರಂತೆ. ಒಂದೇ ತಿಂಗಳಲ್ಲಿ ಮೂರು ಪಾರ್ಸೆಲ್ ವಾಪಸ್ ಬಂದಿವೆ. ‘ಫೋಟೋದಲ್ಲಿ ಕೆಂಪು, ಕೈಗೆ ಬಂದದ್ದು ಮೆರೂನ್, ಇದು ಮೋಸ’ ಎಂದು ಗಿರಾಕಿಯೊಬ್ಬರು ಬರೆದಿದ್ದರು. ಆ ಒಂದು ಮಾತು ಇವರನ್ನು ಒಳಗೊಳಗೇ ಕೊರೆಯುತ್ತಿತ್ತು. “ನಾನು ಮೋಸಗಾತಿಯೇ ಮೇಡಂ?” ಎಂದು ಕಣ್ಣೊರೆಸಿಕೊಂಡರು.

ನನ್ನ ತಂದೆ ಫೋಟೋ ಸ್ಟುಡಿಯೋ ನಡೆಸುತ್ತಿದ್ದವರು. ಆ ಫೋಟೋಗಳನ್ನು ತೋರಿಸಿ ಎಂದು ನಾನು ಕೇಳಿದ್ದರಲ್ಲಿ ಅರ್ಧ ಪಾಲು ಬರೀ ಕುತೂಹಲ. ಹೂವಿನ ಚಿತ್ತಾರದ ಹಾಸಿಗೆ ಹೊದಿಕೆ, ಅದರ ಮೇಲೆ ಸೀರೆ, ಸೀರೆಯ ಮೇಲೆ ಇವರದೇ ಕೈಯ ನೆರಳು. ಒಂದು ಕಡೆಯಿಂದ ಟ್ಯೂಬ್‌ಲೈಟ್, ಇನ್ನೊಂದು ಕಡೆಯಿಂದ ಹಳದಿ ಬಲ್ಬು. ಎಲ್ಲವೂ ರಾತ್ರಿ ಹತ್ತೂವರೆ ದಾಟಿದ ಮೇಲೆ ತೆಗೆದವು.

“ಹಗಲಿನಲ್ಲಿ ಏಕೆ ತೆಗೆಯುವುದಿಲ್ಲ?”

ಬಹಳ ಹೊತ್ತು ಸುಮ್ಮನಿದ್ದರು. ಮಾಳಿಗೆ ಮನೆ, ಒಳಕೋಣೆಗಳೆಲ್ಲ ಕತ್ತಲು. ಚೆನ್ನಾಗಿ ಬೆಳಕು ಬರುವುದು ಪಡಸಾಲೆಗೆ ಮಾತ್ರ, ಅಲ್ಲಿ ಇಡೀ ದಿನ ಮಾವನವರು ಕೂತಿರುತ್ತಾರೆ. ಕುಣಿ ಮಗ್ಗದಲ್ಲಿ 40 ವರ್ಷ ನೇಯ್ದವರು. ಅವರೆದುರು ಸೀರೆ ಹರವಿ ಮೊಬೈಲ್ ಹಿಡಿಯುವುದೆಂದರೆ ಇವರಿಗೆ ಸಂಕೋಚ. ಗಂಡನಿಗೆ ವ್ಯಾಪಾರದ ಸಂಗತಿ ಗೊತ್ತು. ಮಾವನವರಿಗೂ ಗೊತ್ತಿರಬೇಕು, ಆದರೆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡಿಲ್ಲ.

ಮೊದಲು ‘ಮೋಸ’ದ ಲೆಕ್ಕ ಚುಕ್ತಾ ಮಾಡಿದೆ. ಫೋನಿನ ಕ್ಯಾಮೆರಾ ಬಿಳಿ ಯಾವುದೆಂದು ಅಂದಾಜು ಮಾಡಿ ಉಳಿದ ಬಣ್ಣಗಳನ್ನು ಹೊಂದಿಸುತ್ತದೆ. ಎರಡು ಬಗೆಯ ದೀಪ ಬೆರೆತರೆ ಆ ಅಂದಾಜು ಕೆಡುತ್ತದೆ. ಚೌಕಟ್ಟಿನ ತುಂಬ ಗಾಢ ಬಣ್ಣವೇ ಇದ್ದರೆ, ಕತ್ತಲಿದೆ ಎಂದುಕೊಂಡು ಚಿತ್ರವನ್ನು ಬೆಳಗಿಸುತ್ತದೆ. ಮೆರೂನ್ ಹೋಗಿ ಕೆಂಪಾಗುತ್ತದೆ. ಸುಳ್ಳು ಹೇಳಿದ್ದು ನೀವಲ್ಲ, ಫೋನು ಎಂದೆ. ನಾನು ಕಲಿಸಿದ ಉಸಿರಾಟದ ಅಭ್ಯಾಸಕ್ಕಿಂತ ಈ ವಿವರಣೆಯೇ ಅವರನ್ನು ಹೆಚ್ಚು ಹಗುರಾಗಿಸಿತು ಎಂದು ಒಪ್ಪಿಕೊಳ್ಳಲೇಬೇಕು.

ಬೆಳಗಿನ ಹೊತ್ತು ನೇರ ಬಿಸಿಲು ಬೀಳದ ಕಡೆ, ಬಾಗಿಲಿನ ಬೆಳಕು ಪಕ್ಕದಿಂದ ಬರುವಂತೆ ಬಟ್ಟೆ ಹರವಲು ಹೇಳಿದೆ. ಪಕ್ಕದ ಬೆಳಕಿನಲ್ಲಿ ನೇಯ್ಗೆಯ ಎಳೆ ಎದ್ದು ಕಾಣುತ್ತದೆ. ದೀಪಗಳನ್ನೆಲ್ಲ ಆರಿಸಬೇಕು. ಬಟ್ಟೆಯ ಇನ್ನೊಂದು ಪಕ್ಕದಲ್ಲಿ, ಬಾಗಿಲಿಗೆ ಎದುರಾಗಿ ಬಿಳಿ ಧೋತರ ತೂಗುಹಾಕಿದರೆ ನೆರಳು ತಿಳಿಯಾಗುತ್ತದೆ. ಬಟ್ಟೆಯ ಅಂಚಿಗೆ ಒಂದು ಬಿಳಿ ಹಾಳೆ ಇಟ್ಟರೆ ಬಣ್ಣ ಸರಿಯಿದೆಯೇ ಎಂದು ತಾಳೆ ನೋಡಬಹುದು. ಫೋನಿನ ಪರದೆಯ ಮೇಲೆ ಬೆರಳೊತ್ತಿ ಚಿತ್ರದ ಬೆಳಕನ್ನು ಕಣ್ಣಿಗೆ ಕಂಡಷ್ಟಕ್ಕೆ ಇಳಿಸಬೇಕು. ಲೆನ್ಸ್ ಒರೆಸಿಕೊಳ್ಳುವುದು ಹೇಳಬೇಕಾದ ಮಾತೇ ಅಲ್ಲ, ಆದರೆ ಅಡುಗೆ ಕೈಯಲ್ಲಿ ಓಡಾಡುವ ಫೋನಿಗೆ ಹೇಳಲೇಬೇಕು. ಸಣ್ಣ ಚೌಕಡಿಯ ಸೀರೆಯಲ್ಲಿ ಇಲ್ಲದ ಅಲೆಗಳು ಕಂಡರೆ ಎರಡು ಹೆಜ್ಜೆ ಹಿಂದೆಯೋ ಮುಂದೆಯೋ ಸರಿಯಬೇಕು.

ಖಣದ ವಿಷಯ ಬೇರೆ. ಹಾಸಿನ ಉದ್ದ ಎಳೆಗೆ ಒಂದು ಬಣ್ಣ, ಹೊಕ್ಕಿನ ಅಡ್ಡ ಎಳೆಗೆ ಇನ್ನೊಂದು ಬಣ್ಣ ಹಾಕಿ ನೇಯ್ದ ಖಣವನ್ನು ಹೊರಳಿಸಿದಂತೆಲ್ಲ ಬಣ್ಣ ಬದಲಾಗುತ್ತದೆ. ಅದಕ್ಕೆ ಒಂದು ಫೋಟೋ ಸಾಲದು. ಕೈಯಲ್ಲಿ ಹಿಡಿದು ಹೊರಳಿಸುವ ಹತ್ತು ಸೆಕೆಂಡಿನ ವಿಡಿಯೋ ಕಳಿಸಿ ಎಂದೆ. ಹಾಗೆಯೇ, ವಾಪಸ್ ಮಾಡಿದವರಿಗೆ ಹಣ ಮರಳಿಸಿ ಎರಡು ಸಾಲು ಬರೆದರೆ ಸಾಕು. ಮಧ್ಯರಾತ್ರಿ ಪುಟಗಟ್ಟಲೆ ಕ್ಷಮೆ ಕೇಳುವುದನ್ನು ನಿಲ್ಲಿಸಬೇಕು. ರಾತ್ರಿ ಒಂಬತ್ತರ ನಂತರ ವ್ಯಾಪಾರದ ಸಂದೇಶಗಳನ್ನು ತೆರೆಯಬಾರದು.

ಪಡಸಾಲೆಯ ವಿಷಯದಲ್ಲಿ ನಾನೇ ಎಡವಿದೆ. ಮಾವನವರ ಹತ್ತಿರ ಗಂಡನಿಂದ ಮಾತಾಡಿಸಿ ಎಂದೆ. “ಅವರು ಹೇಳಿದರೆ ಅದು ದೂರು ಆಗುತ್ತದೆ” ಎಂದರು, ನಿಜವೇ. ಎರಡನೆಯ ಭೇಟಿಯಲ್ಲಿ ಬೇರೆ ದಾರಿ ಹುಡುಕಿದೆವು. ಅನುಮತಿ ಕೇಳುವುದು ಬೇಡ, ಕಸುಬಿನ ಪ್ರಶ್ನೆ ಕೇಳಿ ಎಂದೆ. ನಾನು ಮಾವನವರಾಗಿ ಕುರ್ಚಿಯಲ್ಲಿ ಕೂತೆ. “ಮಾಮಾ, ಈ ಸೀರೆಯಲ್ಲಿ ಗಿರಾಕಿಗೆ ಯಾವುದನ್ನು ತೋರಿಸಬೇಕು?” ಎಂಬ ಒಂದು ವಾಕ್ಯವನ್ನು ಅವರು ನಾಲ್ಕು ಬಾರಿ ಹೇಳಿ ರೂಢಿ ಮಾಡಿಕೊಂಡರು.

ಮೂರನೆಯ ಭೇಟಿಗೆ ಬಂದಾಗ ಮೊಬೈಲ್ ಮುಂದಿಟ್ಟರು. ಪ್ರಶ್ನೆ ಕೇಳಿದ ದಿನ ಹಿರಿಯರು ಉತ್ತರಿಸಲೇ ಇಲ್ಲವಂತೆ. ಮರುದಿನ ತಾವೇ ಎದ್ದು ಬಂದು, ಸೀರೆಯ ಮೈ ಮತ್ತು ಸೆರಗು ಕೂಡುವ ಜಾಗವನ್ನು ಬೆಳಕಿಗೆ ಹಿಡಿದು, “ಕೊಂಡಿ ಕಾಣುವ ಹಾಗೆ ತೆಗೆಯವ್ವ, ಇಳಕಲ್ ಸೀರೆಯ ಗುರುತೇ ಅದು” ಎಂದರಂತೆ. ಆ ಫೋಟೋದ ಮೂಲೆಯಲ್ಲಿ ಅವರ ಹೆಬ್ಬೆರಳು ಬಿದ್ದಿತ್ತು. ಫೋಟೋದಿಂದ ಅದನ್ನು ಕತ್ತರಿಸಿ ಹಾಕಲೇ ಎಂದು ಸೊಸೆ ಕೇಳಿದರು. ಬೇಡ ಎಂದೆ.

ನಿದ್ದೆ ಈಗ ಹನ್ನೊಂದೂವರೆಗೆ ಬರುತ್ತಿದೆ. ಮೊಬೈಲ್ ಸದ್ದಿಗೆ ಬೆಚ್ಚುವುದು ಇನ್ನೂ ಪೂರ್ತಿ ಹೋಗಿಲ್ಲ. ಮುಂದಿನ ತಿಂಗಳು ಮತ್ತೊಮ್ಮೆ ಬರಲು ಹೇಳಿದ್ದೇನೆ.