ವಾಕಿಂಗ್ ಮಾಡುವ ಕಾಲಿಗೆ ವಾಕಿಂಗ್ ಫುಟ್‌ಬಾಲ್ ಯಾಕೆ ಭಾರ?

ಪ್ರಶ್ನೆ: ನನಗೆ 64 ವರ್ಷ, ನಿವೃತ್ತ ಮೇಷ್ಟ್ರು. ತುಮಕೂರಿನ ಅಮಾನಿಕೆರೆ ಹತ್ತಿರ ದಿನಾ ಒಂದು ಗಂಟೆ ನಡೆಯುತ್ತೇನೆ. ಹೋದ ಭಾನುವಾರ ಗೆಳೆಯರ ಜೊತೆ ವಾಕಿಂಗ್ ಫುಟ್‌ಬಾಲ್ ಆಡಿದೆ, ಇಪ್ಪತ್ತೇ ನಿಮಿಷ. ಮಾರನೇ ದಿನ ತೊಡೆ, ಮೀನಖಂಡ ಎರಡೂ ಹಿಡಿದುಕೊಂಡು ಮೆಟ್ಟಿಲು ಇಳಿಯಲಾಗಲಿಲ್ಲ. ಓಟವೇ ಇಲ್ಲದ ಆಟಕ್ಕೆ ಇಷ್ಟು ನೋವಾ? ಬಿ.ಪಿ. ಮಾತ್ರೆಯೂ ಇದೆ. ಆಡಲೇ, ಬಿಡಲೇ?

ಫಿಸಿಯೋಥೆರಪಿಸ್ಟ್ ಉತ್ತರ: ಬಿಡಬೇಡಿ ಮೇಷ್ಟ್ರೇ. ಆದರೆ ಈ ಭಾನುವಾರ ಅರ್ಧ ಹೊತ್ತು ಆಡಿ ಸಾಕು.

2011ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್‌ನಲ್ಲಿ ವಯಸ್ಸಾದವರಿಗಾಗಿಯೇ ಶುರುವಾದ ಆಟ ಇದು. ಒಂದು ಕಾಲು ಸದಾ ನೆಲದ ಮೇಲಿರಬೇಕು, ಓಡಿದರೆ ಫೌಲ್. ಕೇಳೋಕೆ ಸುಲಭ ಅಲ್ವಾ? ಕೆರೆ ಹತ್ತಿರ ನೀವು ಒಂದೇ ವೇಗದಲ್ಲಿ ನೇರ ಹೋಗುತ್ತೀರಿ. ಇಲ್ಲಿ ಚೆಂಡು ಹೇಳಿದ ಕಡೆ ಹೋಗಬೇಕು. ಗಕ್ಕನೆ ನಿಲ್ಲಬೇಕು, ತಿರುಗಬೇಕು, ಪಕ್ಕಕ್ಕೆ ಹೆಜ್ಜೆ ಇಡಬೇಕು. ನಿಲ್ಲುವಾಗ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯುತ್ತದೆ. ಇಳಿಜಾರಿನಲ್ಲಿ ತುಂಬಿದ ಗಾಡಿ ತಡೆಯುವ ಎತ್ತಿನ ಪಾಡು ಅದು. ಅಭ್ಯಾಸ ಇಲ್ಲದಿದ್ದರೆ ಮಾರನೇ ದಿನ ನೋವು ಏರಿ, ಎರಡು ಮೂರು ದಿನ ಇದ್ದು ತಾನೇ ಇಳಿಯುತ್ತದೆ. ಮೆಲ್ಲಗೆ ಓಡಾಡಿಕೊಂಡಿರಿ, ಸುಮ್ನೆ ಮಲಗಬೇಡಿ. ಒಂದೇ ಕಾಲು ಊದಿ ಬಿಸಿಯಾದರೆ ಮಾತ್ರ ಅದು ಬೇರೆ ವಿಷಯ, ಅವತ್ತೇ ಡಾಕ್ಟರಿಗೆ ತೋರಿಸಿ.

ಆಟಕ್ಕೆ ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಮನೆಯಲ್ಲಿ ಗೋಡೆ ಹಿಡಿದು ಹಿಮ್ಮಡಿ ಎತ್ತಿ, ನಿಧಾನಕ್ಕೆ ಇಳಿಸಿ, ಹತ್ತು ಸಲ. ಇಳಿಸುವುದೇ ಮುಖ್ಯ, ಎಲ್ಲರೂ ಅದನ್ನೇ ಅವಸರದಲ್ಲಿ ಮುಗಿಸುತ್ತಾರೆ. ಆಮೇಲೆ ಒಂಟಿ ಕಾಲಿನಲ್ಲಿ ನಿಂತು ನೋಡಿ. ಚೆಂಡು ಒದೆಯುವ ಕ್ಷಣ ನೀವು ನಿಂತಿರುವುದು ಒಂದೇ ಕಾಲಿನ ಮೇಲೆ. ಬೀಳುವುದೂ ಆಗಲೇ.

ಈಗ ಬಿ.ಪಿ. ಮಾತ್ರೆಯ ವಿಷಯ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನಾಡಿಯನ್ನೇ ತಗ್ಗಿಸುತ್ತದೆ. ಎಷ್ಟೇ ದಣಿದರೂ ವಾಚಿನಲ್ಲಿ ಅಂಕಿ ಜಾಸ್ತಿ ಏರುವುದಿಲ್ಲ, ಅದನ್ನು ನಂಬಬೇಡಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಆಡಲು ಆಗುತ್ತಿದ್ದರೆ ಸರಿ, ಆಗದಿದ್ದರೆ ಹೊರಗೆ ಬಂದು ಕೂರಿ. ಎದೆ ಬಿಗಿದರೆ, ತಲೆ ಸುತ್ತಿದರೆ ಆಟ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಮುಂದಿನ ಆಟಕ್ಕೆ ಮೊದಲು ನಿಮ್ಮ ಡಾಕ್ಟರನ್ನೂ ಒಮ್ಮೆ ಕೇಳಿಬಿಡಿ.

ಅಂದ ಹಾಗೆ, ನೀವು ಪಾವಗಡ ಕಡೆಯವರಾ? ಫ್ಲೋರೈಡ್ ಜಾಸ್ತಿ ಇರುವ ಬೋರ್‌ವೆಲ್ ನೀರು ವರ್ಷಗಟ್ಟಲೆ ಕುಡಿದಿದ್ದು, ಬೆನ್ನು, ಮಂಡಿ ಬಿಗಿಯಾಗಿದ್ದರೆ ಆ ನೀರೂ ಕಾರಣ ಇರಬಹುದು, ಅದನ್ನೂ ಡಾಕ್ಟರಿಗೆ ಹೇಳಿ.